ಗಂಟಲಿಗೆ ರಜೆ

ಜೂನ್ 3, ಬೆಳಿಗ್ಗೆ

ಹಬೆ ತಗೊಂಡಾಯ್ತು. ಬಿಸಿನೀರು ಕುಡಿದಾಯ್ತು. ಮಾತು — ಇಲ್ಲ. ಪಿಸುಗುಟ್ಟೋ ಹಾಗೂ ಇಲ್ಲ, ಅದು ಕೂಗೋದಕ್ಕಿಂತ ಕೆಟ್ಟದ್ದಂತೆ. ಗಂಟಲು ಡಾಕ್ಟರು ಒಳಗಿದ್ದ ಗಂಟು ತೆಗೆದು, ಬಾಯಿಗೆ ಬೀಗ ಹಾಕಿ ಕಳಿಸಿದ್ದಾರೆ. ಗಂಟು ಕೆಟ್ಟ ಜಾತಿಯದ್ದಲ್ಲ ಅಂತ ರಿಪೋರ್ಟ್ ಬಂತು. ಪುಣ್ಯ. ಹಳೇ ದನಿ ವಾಪಸ್ ಬರುತ್ತಾ ಅಂತ ಚೀಟಿಯಲ್ಲಿ ಬರೆದು ಕೇಳಿದೆ. "ಬರಬಹುದು, ಬರದೇನೂ ಇರಬಹುದು. ಕಾದು ನೋಡೋಣ" ಅಂದ್ರು.

ಅವರಿಗೇನು, ಹೇಳಿಬಿಟ್ಟರು. ನನ್ನ ಕಸುಬೇ ಬಾಯಿ. ಮೂವತ್ತು ವರ್ಷದಿಂದ ಜನಕ್ಕೆ ಭಾಷಣ ಮಾಡೋದು ಕಲಿಸ್ತಿರೋನು. ಚಪ್ಪಲಿ ಅಂಗಡಿ ಮೇಲಿನ ಹಾಲ್‌ನಲ್ಲಿ ಸಂಜೆ ಕ್ಲಾಸು. ಮೈಕಿಲ್ಲದೆ ಕೊನೇ ಬೆಂಚಿಗೆ ಮುಟ್ಟಿಸ್ತಿದ್ದೆ. ದನಿ ಬರದಿದ್ರೆ ಏನು ಕಲಿಸಲಿ... ಕೈಸನ್ನೆಯಾ?

ಇವಳಿಗೆ, ನನ್ನ ಹೆಂಡತಿಗೆ, ಮಾತ್ರ ಖುಷಿ. "ಮಾತು ಬೆಳ್ಳಿ, ಮೌನ ಬಂಗಾರ. ನಮ್ಮನೇಲಿ ಈಗ ಬಂಗಾರದ ಅಂಗಡಿ ಇಟ್ಟಂಗಾಯ್ತು" ಅಂತ ನಗ್ತಾ ಡ್ಯೂಟಿಗೆ ಹೋದಳು. ತಿರುಗಿ ಒಂದು ಮಾತು ಆಡೋ ಹಾಗಿಲ್ಲ. ಅದಕ್ಕೇ ಈ ಡೈರಿ.

ಜೂನ್ 5, ಕ್ಲಾಸಿಂದ ಬಂದ ಮೇಲೆ

ಮನೇಲಿ ಕೂತ್ರೆ ಹುಚ್ಚು ಹಿಡಿಯುತ್ತೆ ಅಂತ ಹೋದೆ. ಬೋರ್ಡು, ಮಾರ್ಕರು, ಗಂಟೆ — ಇಷ್ಟು ಸಾಕು.

ಗಂಟೆ ನನ್ನ ಹಳೇ ಪದ್ಧತಿ. ಮಾತಾಡ್ತಿರೋರು "ಅಂದ್ರೆ", "ಏನಪ್ಪಾ ಅಂದ್ರೆ", "ಅದೂ..." ಅಂತ ಎಳೆದ ಕೂಡಲೇ ಮೇಜಿನ ಮೇಲಿನ ಗಂಟೆ — ಟಿಂಗ್. ಜೊತೆಗೆ ನಾನು ಎರಡು ಮಾತು ಹೇಳಿ, ಮೊದಲಿಂದ ಶುರು ಮಾಡಿಸ್ತಿದ್ದೆ. ತಪ್ಪು ಅಲ್ಲೇ ತಿದ್ದಬೇಕು. ಇವತ್ತು ಬಾಯಿಲ್ಲ, ಗಂಟೆಗೇ ಡಬಲ್ ಡ್ಯೂಟಿ.

ಸ್ಟಾಪ್‌ವಾಚ್ ಬಂದಿದ್ದಳು. ಭಾಷಣ ಹೇಗೆ ಕಲಿಸ್ತಾರೆ ಅನ್ನೋದರ ಮೇಲೇ ಪಿಎಚ್‌ಡಿ ಮಾಡ್ತಿರೋ ಹುಡುಗಿ. ಮೂಲೇಲಿ ಕ್ಯಾಮೆರಾ ಇಟ್ಟು, ಯಾರು ಎಷ್ಟು ಹೊತ್ತು ಮಾತಾಡಿದ್ರು, ಎಲ್ಲಿ ತಡವರಿಸಿದ್ರು, ಎಲ್ಲಾ ಗುರುತು ಹಾಕ್ಕೋತಾಳೆ. ಹೆಸರಿಟ್ಟಿದ್ದು ನಾನೇ, ಈಗ ಇಡೀ ಕ್ಲಾಸೇ ಹಾಗೆ ಕರೆಯುತ್ತೆ. "ಅಲ್ಲಲ್ಲೇ ತಿದ್ದುವ ಪದ್ಧತಿ" ಅಂತ ಒಂದು ಇದೆಯಂತೆ, ಅದಕ್ಕೆ ನಾನೇ ಮಾದರಿಯಂತೆ. ಕೇಳಿ ಪೂರಿ ಥರ ಉಬ್ಬಿದ್ದೆ.

"ಸರ್, ನಿಮ್ಮ ದನಿ ಹೋಗಿ ನನ್ನ ಕೆಲಸ ಅರ್ಧಕ್ಕೆ ನಿಂತಿದೆ. ಬೇರೆ ಮೇಷ್ಟ್ರನ್ನ ಹುಡುಕ್ಕೋ ಅಂತಿದ್ದಾರೆ ಗೈಡು. ಆದ್ರೂ ನಾನು ಬರ್ತೀನಿ. ಮೇಷ್ಟ್ರ ಮಾತಿಲ್ಲದ ಕ್ಲಾಸು ಹೇಗಿರುತ್ತೆ ನೋಡೋಣ" ಅಂದಳು. ಒಳ್ಳೇ ಹುಡುಗಿ. ಕೈ ಬಿಡಲಿಲ್ಲ.

ಜೂನ್ 11

ಒಳ್ಳೇ ಹುಡುಗಿಯಂತೆ, ಒಳ್ಳೇ ಹುಡುಗಿ!

ಕ್ಲಾಸ್ ಬಿಟ್ಟ ಮೇಲೆ ಲ್ಯಾಪ್‌ಟಾಪ್ ತೆರೆದು ಕೂರಿಸಿದಳು. ಆಪರೇಷನ್‌ಗೆ ಮುಂಚಿನ ವಿಡಿಯೋ. ಲ್ಯಾಬ್ ಹುಡುಗಿ ನಿಂತಿದ್ದಾಳೆ — ರಕ್ತ ಪರೀಕ್ಷೆ ಲ್ಯಾಬಿನಲ್ಲಿ ಕೆಲಸ, ನಾಲ್ಕು ಜನರ ಮುಂದೆ ಬಾಯಿ ಬಿಡಬೇಕಂದ್ರೆ ಬೆವರ್ತಾಳೆ. "ಅಂದ್ರೆ" ಅಂದಳು. ಟಿಂಗ್. "ಮತ್ತೆ ಶುರು ಮಾಡಮ್ಮ" — ಇದು ನಾನು. ಆಮೇಲೆ ಎರಡು "ಅಂದ್ರೆ". ಟಿಂಗ್ ಟಿಂಗ್. ಆಮೇಲೆ ಬರೀ "ಅಂದ್ರೆ"ನೇ. ಕೂತುಬಿಟ್ಟಳು.

"ಎಲ್ಲರದ್ದೂ ಹೀಗೇ ಸರ್. ಗಂಟೆ ಬಡಿದ ಮೇಲೆ ತಡವರಿಸೋದು ಕಮ್ಮಿ ಆಗಲ್ಲ, ಜಾಸ್ತಿ ಆಗುತ್ತೆ. ಇನ್ನೊಂದು... ಹೇಳ್ಲಾ? ಕ್ಲಾಸಲ್ಲಿ ಅರ್ಧಕ್ಕಿಂತ ಜಾಸ್ತಿ ಹೊತ್ತು ಮಾತಾಡಿರೋದು ನೀವೇ."

ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ — ನಿನ್ನ ವಯಸ್ಸಿಗಿಂತ ನನ್ನ ಸರ್ವೀಸ್ ಜಾಸ್ತಿ. ಓದಿದಳು. "ಹೌದು ಸರ್" ಅಂದಳು, ಅಷ್ಟೇ. ಬಾಯಿ ಇದ್ದಿದ್ರೆ ಗ್ರಹಚಾರ ಬಿಡಿಸ್ತಿದ್ದೆ. ಅವಳು ಇನ್ನೊಂದು ಸಲ ನಮ್ಮ ಮೆಟ್ಟಿಲು ಹತ್ತುತ್ತಿರಲಿಲ್ಲ.

ಜೂನ್ 12

ಇವಳಿಗೆ ಎಲ್ಲಾ ಬರೆದು ತೋರಿಸಿದೆ, ನನ್ನ ಪರ ಮಾತಾಡ್ತಾಳೆ ಅಂತ. ಓದಿ ಕನ್ನಡಕ ತೆಗೆದಳು. "ಮದುವೆ ಆದಾಗಿಂದ ನಾನೂ ಇದನ್ನೇ ಹೇಳ್ತಿದ್ದೀನಲ್ಲ! ಹೇಳಿ ಮುಗಿಸೋಕೆ ನೀವು ಬಿಟ್ಟಿದ್ರೆ ತಾನೇ?"

ನಗು ಬಂತು. ನಗೋ ಹಾಗೂ ಇಲ್ಲ. ಹೊಟ್ಟೆ ಹಿಡ್ಕೊಂಡು ಕೂತೆ.

ಜೂನ್ 18

ಹಠಕ್ಕೆ ಬಿದ್ದು ಎರಡು ಕ್ಲಾಸು ತಪ್ಪಿಸಿದೆ. ಇವತ್ತು ಹೋದೆ. ಗಂಟೆ ಬೀರುವಿನಲ್ಲಿಟ್ಟು, ಕೊನೇ ಬೆಂಚಲ್ಲಿ ಕೂತೆ. ಕೈ ಸುಮ್ಮನಿರಲ್ಲ ಅಂತ ತೊಡೆ ಕೆಳಗೆ ಸಿಕ್ಕಿಸಿಕೊಂಡೆ.

ಲ್ಯಾಬ್ ಹುಡುಗಿ ಎದ್ದಳು. ಕೆಲಸದ ಮೊದಲನೇ ದಿನದ ಕಥೆ. ಸೂಜಿ ಚುಚ್ಚಿದ್ದಾಳೆ, ರಕ್ತ ಕಂಡಿದೆ, ತಾನೇ ತಲೆ ಸುತ್ತಿ ಬಿದ್ದಿದ್ದಾಳೆ. ರಕ್ತ ಕೊಡೋಕೆ ಬಂದಿದ್ದ ಲಾರಿ ಡ್ರೈವರು ಒಂದು ಕೈಯಲ್ಲಿ ಹತ್ತಿ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಫೈಲಿಂದ ಅವಳಿಗೆ ಗಾಳಿ ಹಾಕಿದ್ದಾನೆ. "ಮೊದಲೇ ಹೇಳಬಾರದಿತ್ತಾ ತಾಯಿ, ನಾನೇ ಚುಚ್ಕೋತಿದ್ದೆ" ಅಂದನಂತೆ.

"ಅಂದ್ರೆ" ಬೇಕಾದಷ್ಟು ಬಂತು. ಬರಲಿ, ಯಾರ ಗಂಟು ಹೋಯ್ತು? ನಡುವೆ ಒಮ್ಮೆ ಪೂರ್ತಿ ನಿಂತುಬಿಟ್ಟಳು. ನನ್ನ ಬೆರಳೆಲ್ಲಾ ತುರಿಕೆ. ಯಾರೂ ಅಡ್ಡಬಾಯಿ ಹಾಕಲಿಲ್ಲ... ತಾನೇ ಎಳೆ ಹಿಡಿದಳು. ಮುಗಿಸಿದಳು. ಜನ ನಕ್ಕರು, ಚಪ್ಪಾಳೆ ಹೊಡೆದರು. ಮುಗಿಸಿ ಅಭ್ಯಾಸವೇ ಇಲ್ಲ ಪಾಪ, ಏನು ಮಾಡಬೇಕು ಅಂತ ಗೊತ್ತಾಗದೆ ನಿಂತೇ ಇದ್ದಳು. "ಮುಗೀತಾ ಸರ್?" ಅಂತ ನನ್ನೇ ಕೇಳಿದಳು! ತಲೆ ಆಡಿಸಿದೆ. ಕಣ್ಣು ತುಂಬಿಬಂತು, ಮುಚ್ಚಿಡಲಿಲ್ಲ.

ಆಮೇಲೆ ಬೋರ್ಡಿನ ಹತ್ತಿರ ಹೋಗಿ ಸ್ಟಾಪ್‌ವಾಚ್ ಕಡೆ ನೋಡ್ತಾ ಬರೆದೆ — ಥ್ಯಾಂಕ್ಸ್ ಕಣಮ್ಮಾ. ಮೊಬೈಲಲ್ಲಿ ಫೋಟೋ ಹೊಡ್ಕೊಂಡಳು. "ಇದು ಥೀಸಿಸ್‌ಗಲ್ಲ ಸರ್, ನನಗೆ."

ಜೂನ್ 24

ಡಾಕ್ಟರ ಹತ್ತಿರ. "ಎಲ್ಲಿ, 'ಆ' ಅನ್ನಿ." ಅಂದೆ. ಎಣ್ಣೆ ಕಾಣದ ಬಾಗಿಲು ತೆಗೆದ ಹಾಗೆ ಏನೋ ಬಂತು. ನಾನಲ್ಲ ಅದು.

"ಗಾಯ ಚೆನ್ನಾಗಿ ಮಾಗಿದೆ. ಇವತ್ತಿಂದ ಮಾತಾಡಿ, ಮೆಲ್ಲಗೆ. ಹಳೇ ದನಿ ಮಾತ್ರ ಇನ್ನು ಬರಲ್ಲ. ಇದೇ ನಿಮ್ಮದು ಅಂದ್ಕೊಳ್ಳಿ" ಅಂದ್ರು. ಆದ್ರೂ ಕೈ ಮುಗಿದೆ, ಮನಸಾರೆ. ಗಂಟು ಬೇರೆ ಜಾತಿಯದ್ದಾಗಿದ್ದಿದ್ರೆ? ಜೀವಕ್ಕೇನೂ ಆಗಿಲ್ಲ ಅಂದವರ ಹತ್ತಿರ ದನಿಗೆ ಜಗಳ ಆಡೋಕಾಗುತ್ತಾ.

ಜುಲೈ 1

ಮಾತಾಡಿಲ್ಲ. ಇವಳ ಹತ್ತಿರವೂ. ತುಟಿ ಆಡಿಸ್ತೀನಿ, ಸದ್ದು ಹೊರಡಿಸಲ್ಲ. ಇವಳು ಸ್ಟೇಷನ್ ಟಿಕೆಟ್ ಕೌಂಟರಿನವಳು. ಗಾಜಿನಾಚೆ ಗದ್ದಲದಲ್ಲಿ ತುಟಿ ನೋಡೇ ಯಾವ ಊರು ಅಂತ ಹೇಳ್ತಾಳೆ. ಹಾಗಾಗಿ ಮನೆ ನಡೀತಿದೆ. ಕ್ಲಾಸಿಗೂ ಹೋಗಿಲ್ಲ.

ಇವತ್ತು ಸ್ಟಾಪ್‌ವಾಚ್ ಮನೆಗೇ ಬಂದಳು. ಗೈಡು ಒಪ್ಪಿದ್ರಂತೆ — ನನ್ನ ಕ್ಲಾಸು, ದನಿ ಇದ್ದಾಗ ಮತ್ತು ಇಲ್ಲದಾಗ, ಒಂದು ಪೂರ್ತಿ ಅಧ್ಯಾಯ. "ಒಂದು ಮಾತಾಡಿ ಸರ್." ಡಾಕ್ಟರು ಇನ್ನೂ ಬಿಟ್ಟಿಲ್ಲ ಅಂತ ಬರೆದು ತೋರಿಸಿದೆ.

"ಸುಳ್ಳು!" ಅಡುಗೆಮನೆಯಿಂದ ಬಂದ ಇವಳು ಚೀಟಿ ಓದಿಬಿಟ್ಟಿದ್ದಳು. "ಬಿಟ್ಟು ವಾರ ಆಯ್ತು."

ಮುಖ ಹುಳ್ಳಗಾಯ್ತು. ಸ್ಟಾಪ್‌ವಾಚ್ ನಗಲಿಲ್ಲ. "ದೊಡ್ಡ ದನಿ ಯಾರಿಗೆ ಬೇಕು ಸರ್? ಕೊನೇ ಬೆಂಚಲ್ಲಿ ನೀವು ಕೂರಬೇಕು. ನೀವು ಬರದೆ ಮಾತಾಡಲ್ಲ ಅಂತ ಕೂತಿದ್ದಾಳೆ ಲ್ಯಾಬ್ ಹುಡುಗಿ" ಅಂದಳು. ಕ್ಲಾಸು ಉಳೀತು. ಎಷ್ಟು ಹಗುರ ಆಯ್ತು ಅಂದ್ರೆ... ಸೋಮವಾರ ಹೋಗ್ತೀನಿ.

ಆದ್ರೆ ಇವಳ ಮುಂದೆ? ಆ ಹಳೇ ದನಿ ಕೇಳಿಯೇ ಮದುವೆಗೆ ಒಪ್ಪಿದ್ದು ಅಂತ ಎಲ್ಲರೆದುರೂ ಹೇಳ್ತಿದ್ದವಳು. ಹೆದರಿಕೆ ಆಗ್ತಿದೆ. ಹೆದರಬೇಡಿ, ಹೆದರಬೇಡಿ ಅಂತ ಇಷ್ಟು ವರ್ಷ ಎಷ್ಟು ಸಲೀಸಾಗಿ ಹೇಳಿದೆನಪ್ಪಾ.

ಜುಲೈ 2, ಸಂಜೆ

ಡ್ಯೂಟಿಯಿಂದ ಬಂದಳು. ಬ್ಯಾಗ್ ಇಟ್ಟು, ನನ್ನೆದುರು ಕುರ್ಚಿ ಎಳ್ಕೊಂಡಳು. ಕಾಫಿ ಮಾಡ್ಲಾ ಅಂತ ತುಟಿ ಆಡಿಸೋಕೆ ಹೋದೆ. ಕಣ್ಣು ಮುಚ್ಚಿಬಿಟ್ಟಳು.

"ದಿನವೆಲ್ಲಾ ತುಟಿ ನೋಡಿ ಸಾಕಾಗಿದೆ ರೀ. ಮನೇಲೂ ಅದೇ ಆದ್ರೆ ಹೇಗೆ? ಹೇಗಾದ್ರೂ ಇರಲಿ ದನಿ. ನನಗೆ ನೀವು ಬೇಕು. ಕೂತಿದ್ದೀನಿ, ನಿಧಾನಕ್ಕೆ ಹೇಳಿ."

ಕೂತೇ ಇದ್ದಾಳೆ. ನೆಪಕ್ಕೆ ಈ ಡೈರಿ ಎಳ್ಕೊಂಡೆ. "ಬರೀಬೇಡಿ" ಅಂದಳು, ಕಣ್ಣು ತೆರೆಯದೆ. ಇಂಥವಳು ಸಿಕ್ಕಿದ್ದಕ್ಕೆ ಏನು ಹೇಳಲಿ... ಭಾಷಣ ಬೇಡ. ಮೊದಲು ಹೆಸರು ಹಿಡಿದು ಕರೀತೀನಿ. ಕಿರ್ ಅಂದ್ರೆ ಅನ್ನಲಿ. ಆಮೇಲೆ —