ಹತ್ತನೇ ನಂಬರ್

ಫೆಬ್ರವರಿ 3, ಸೋಮವಾರ

ಪೇಪರ್, ಕಾಫಿ, ಕಾಲಿಗೆ ಐಸ್. ಬಲಗಾಲಿನ ಹೆಬ್ಬೆರಳ ಉಗುರು ಪೂರಾ ಕಪ್ಪಗಾಗಿದೆ. ನಮ್ಮ ಕ್ರಾಸ್‌ನ ಫುಟ್‌ಪಾತ್‌ನಲ್ಲಿ ಎಡವಿ ಬಿದ್ದ ಬಗ್ಗೆ ಪತ್ರಿಕೆಗೆ ಪತ್ರ ಬರೆದು ಮುಗಿಸಿದೆ. ಅದೇ ಚಪ್ಪಡಿಯ ಬಗ್ಗೆ ಇದು ನಾಲ್ಕನೆಯದು.

ಸಂಜೆ ಡಾಕ್ಟರ್ ಮಧುಶ್ರೀ ನನ್ನ ಕಾಲಿಗಿಂತ ಚಪ್ಪಲಿಯನ್ನೇ ಹೆಚ್ಚು ಹೊತ್ತು ನೋಡಿದರು.

"ಮೇಡಂ, ಇದು ಯಾವ ಸೈಜು?"

"ಎಂಟು. ಲೇಡೀಸ್‌ನಲ್ಲಿ ಅದಕ್ಕಿಂತ ದೊಡ್ಡದು ಸಿಗಲ್ಲ."

"ನಿಮ್ಮ ಕಾಲು ಹತ್ತನೇ ಸೈಜು. ನಿಮ್ಮನ್ನ ಬೀಳಿಸಿದ್ದು ಫುಟ್‌ಪಾತ್ ಅಲ್ಲ."

ಪತ್ರ ಪೋಸ್ಟ್ ಮಾಡಲಿಲ್ಲ. ಹರಿಯಲೂ ಇಲ್ಲ — ಚಪ್ಪಡಿ ಮುರಿದಿರುವುದಂತೂ ನಿಜ.

ಫೆಬ್ರವರಿ 5, ಬುಧವಾರ

ತಮ್ಮ ಭಾರ್ಗವ ಫೋನ್ ಮಾಡಿದ್ದ. ಅವನ ಮಗಳು ಧೃತಿ ತಲಘಟ್ಟಪುರದಲ್ಲಿ ಫ್ಲಾಟ್ ತಗೊಂಡಿದ್ದಾಳೆ. ಇಪ್ಪತ್ತಮೂರಕ್ಕೆ ಗೃಹಪ್ರವೇಶ. "ಅಕ್ಕ, ಈ ಸಲನೂ ಕಾಲುನೋವು ಅಂತ ತಪ್ಪಿಸ್ಕೋಬೇಡ." ನೋಡ್ತೀನಿ ಅಂದೆ.

ಕಾಲುನೋವಲ್ಲ. ಬಾಗಿಲಲ್ಲಿ ಎಲ್ಲರ ಚಪ್ಪಲಿಗಳ ನಡುವೆ ನನ್ನದು... ಹೋದಲ್ಲೆಲ್ಲ ಬಟ್ಟೆಚೀಲಕ್ಕೆ ಹಾಕಿ ಒಳಗೆ ಒಯ್ಯುತ್ತೇನೆ. ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದೇನೆ.

1986, ಜೂನ್. ಹೆಣ್ಣು ನೋಡಲು ಬಂದಿದ್ದರು. ಕಾಲು ತೊಳೆದು ಬಂದು ನಮಸ್ಕಾರ ಮಾಡು ಅಂದರು. ರೆಡ್ ಆಕ್ಸೈಡ್ ನೆಲದ ಮೇಲೆ ನನ್ನ ಒದ್ದೆ ಹೆಜ್ಜೆ. ಹುಡುಗನ ತಾಯಿ ಮೆಲ್ಲಗೆ, "ಗಂಡು ಹೆಜ್ಜೆ" ಅಂದರು. ಅಮ್ಮ ಬಟ್ಟೆ ಹಿಡಿದು ಹಿಂದೆಯೇ ಬಂದು ಒರೆಸಿದಳು. ಆಕೆಯ ಮಾತಿಗೆ ಇವತ್ತಿಗೂ ಸಿಟ್ಟಿದೆ. ಅಮ್ಮ ಒರೆಸಿದ್ದಕ್ಕೆ — ಏನೆನ್ನಬೇಕೋ ತಿಳಿಯದು.

ಫೆಬ್ರವರಿ 14

ಡಾಕ್ಟರ್ ಹೇಳಿದ್ದ ಸಿದ್ದರಾಜು ಅವರ ಅಂಗಡಿಗೆ ಹೋದೆ. ಸಾರಕ್ಕಿ ಮಾರ್ಕೆಟ್ ಹತ್ತಿರ, ಅಳತೆ ತಗೊಂಡು ಶೂ ಹೊಲಿಯುತ್ತಾರೆ. ಹಳೇ ಕ್ಯಾಲೆಂಡರ್ ಹಾಳೆ ನೆಲಕ್ಕೆ ಹಾಸಿ ನಿಲ್ಲಿಸಿದರು. ಪೆನ್ಸಿಲ್ ಪಾದದ ಸುತ್ತ ಬಂದು ಬೆರಳ ಹತ್ತಿರ ನಿಂತಿತು.

"ಅಕ್ಕ, ಬೆರಳು ಬಿಡಿ."

"ಬಿಟ್ಟಿದ್ದೀನಿ."

"ಎಲ್ಲಿ ಬಿಟ್ರಿ? ಮಡಚ್ಕೊಂಡಿದೀರ. ಹಾಳೆ ಏನು ಕಚ್ಚಲ್ಲ."

ಬಗ್ಗಿ ನೋಡಿದೆ. ಮಡಚಿಯೇ ಇದ್ದವು. ಆ ಜೂನ್‌ನಿಂದ ಮೂವತ್ತೆಂಟು ವರ್ಷ. ಬಿಡಿಸಲು ಹೋದರೆ ನೋವು. ಮೂರು ಸಲ ಗೆರೆ ಅಳಿಸಿ ಮತ್ತೆ ಎಳೆದರು. "ಹತ್ತು, ಅಗಲ ಜಾಸ್ತಿ" ಎಂದು ಹಾಳೆಯ ಮೂಲೆಯಲ್ಲಿ ಗೀಚಿಕೊಂಡರು, ತರಕಾರಿ ಹೆಸರು ಬರೆದುಕೊಳ್ಳುವ ಹಾಗೆ.

ಫೆಬ್ರವರಿ 22, ಶನಿವಾರ

ಶೂ ತಂದೆ. ಕಂದು ಬಣ್ಣ, ಚೆಂದವೇನಿಲ್ಲ. ಹಾಲ್‌ನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲ್‌ಗೆ ನಡೆದೆ. ನೋವಿಲ್ಲ. ಹೇಳೋಣವೆಂದರೆ ಮನೆಯಲ್ಲಿ ಯಾರಿದ್ದಾರೆ.

ಬಟ್ಟೆಚೀಲದಲ್ಲಿ ಹಿಡಿಸುವುದಿಲ್ಲ. ನಾಳೆ ಹೋಗುವುದೋ ಬೇಡವೋ...

23, ಭಾನುವಾರ, ಸಂಜೆ 5

ಹೋದೆ. ಬಾಗಿಲಲ್ಲೇ ಬಿಟ್ಟೆ. ಧೃತಿಯ ಸ್ನೇಹಿತೆ ಲಿಖಿತಾ ಚಪ್ಪಲಿಗಳನ್ನು ಸರಿಸುತ್ತ, "ಯಾವ ಅಂಕಲ್‌ದು ಈ ಶೂ?" ಅಂದಳು. ಭಾರ್ಗವ ನನ್ನತ್ತ ನೋಡಿ ತಲೆ ತಗ್ಗಿಸಿದ. ಅವನಿಗೂ ನೆನಪಿದೆ.

"ನಂದು ಕಣಮ್ಮ."

"ಸಾರಿ ಆಂಟಿ. ಗೋಡೆ ಪಕ್ಕ ಇಡ್ಲಾ?"

ಅಷ್ಟೇ. ಮುಂದಿನ ಜೋಡಿಗೆ ಕೈ ಹಾಕಿದಳು. ಇಷ್ಟು ವರ್ಷ ಹೆದರಿದ್ದು ಈ ಒಂದು ಮಾತಿಗೆ.

ಹೊಸಿಲಲ್ಲಿ ಧೃತಿ ಕಾಲಿಗೆ ನೀರು ಹಾಕಿದಳು. ಹೊಸ ಟೈಲ್ಸ್. ದೇವರ ಮುಂದೆ ಹೋಗಿ ನಿಂತು ಹಿಂತಿರುಗಿ ನೋಡಿದೆ. ಹೊಸಿಲಿನಿಂದ ನಾನಿದ್ದಲ್ಲಿಯವರೆಗೂ ಹೆಜ್ಜೆಗಳು. ಯಾರೂ ಬಟ್ಟೆ ತರಲಿಲ್ಲ. ಫ್ಯಾನ್ ಗಾಳಿಗೆ ಒಂದೊಂದೇ ಒಣಗುತ್ತಿದ್ದವು. ಕೊನೆಯದು ಒಣಗುವವರೆಗೂ ನಿಂತು ನೋಡಿದೆ. ಐದು ಬೆರಳೂ ಬಿಡಿಬಿಡಿಯಾಗಿ ಮೂಡಿದ್ದವು.