ಒಂಬತ್ತು ಗಂಟೆಗೆ ಅಲುಗಾಡದ ಬಾಣ

ಆಪರೇಟಿಂಗ್ ಸಿಸ್ಟಮ್ ಪರವಾನಗಿ ವಿಭಾಗದ ಮಾನ್ಯ ಮುಖ್ಯಸ್ಥರೇ,

ನಾನು ಹಣ ಕೊಟ್ಟು ಕೊಂಡ ಕಂಪ್ಯೂಟರಿನೊಳಗೆ ಮೊದಲೇ ಇದ್ದ ಸೌಲಭ್ಯವೊಂದಕ್ಕೆ ನೀವು ಬೀಗ ಹಾಕಿಟ್ಟು, ಬೀಗದ ಕೈಯನ್ನು ಬೇರೆ ಬೆಲೆಗೆ ಮಾರಿದಿರಿ. ಆ ಬೀಗದಿಂದಾಗಿ ನನ್ನ ಅಣ್ಣ ಹತ್ತೊಂಬತ್ತು ದಿನ ಕೆಲಸದಿಂದ ಹೊರಗುಳಿದ. ಈಗ ಬೀಗ ತೆಗೆದಿದೆ, ಅವನು ಬರುತ್ತಿಲ್ಲ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರಬೇಕಿತ್ತು. ಬರುತ್ತಿಲ್ಲ. ಜೋಮು ಹಿಡಿದ ಕಾಲಿನ ಮೇಲೆ ನಿಂತ ಹಾಗಿದೆ.

ನಮ್ಮದು ಅಳತೆಗೆ ಬೂಟು ಮಾಡುವ ಅಂಗಡಿ. ಒಂದು ಕಾಲು ಗಿಡ್ಡವಾದವರು, ಪಾದ ಸೊಟ್ಟಗಾದವರು ನಮ್ಮ ಗಿರಾಕಿಗಳು. ನಾನು ಪಾದದ ಅಳತೆ ತೆಗೆಯುತ್ತೇನೆ, ಹೊಲಿಯುತ್ತೇನೆ. ಚರ್ಮವನ್ನು ಯಾವ ಆಕಾರಕ್ಕೆ ಕತ್ತರಿಸಬೇಕು, ಅಟ್ಟೆ ಎಷ್ಟು ದಪ್ಪವಿರಬೇಕು ಎಂದು ಕಂಪ್ಯೂಟರಿನಲ್ಲಿ ಬಿಡಿಸುವವನು ಅಣ್ಣ. ಏಣಿಯಿಂದ ಬಿದ್ದು ಕುತ್ತಿಗೆ ಮುರಿದ ಮೇಲೆ ಅವನ ಬಲಗೈಯ ಎರಡು ಬೆರಳು ಮಾತ್ರ ಆಡುತ್ತವೆ. ಆರು ವರ್ಷದಿಂದ ಮನೆಯ ಮಂಚದಿಂದಲೇ ಅಂಗಡಿಯ ಕಂಪ್ಯೂಟರಿಗೆ ಸಂಪರ್ಕ ಹೊಂದಿ ದುಡಿಯುತ್ತಿದ್ದ. ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿಯ ಪರದೆಯ ಮೇಲಿನ ಮೌಸಿನ ಬಾಣ ತಾನಾಗಿಯೇ ಎರಡು ಸುತ್ತು ತಿರುಗುತ್ತಿತ್ತು. "ಬಂದೆ ಕಣೇ" ಅಂತ ಅರ್ಥ. ನಾನು ಪರದೆಗೇ "ಬಾಪ್ಪಾ, ಇವತ್ತೂ ಲೇಟು" ಅನ್ನುತ್ತಿದ್ದೆ.

ಹಳೆಯ ಕಂಪ್ಯೂಟರ್ ಸುಟ್ಟುಹೋಯಿತು. ಅದರಲ್ಲಿದ್ದ ನಿಮ್ಮ ಸಿಸ್ಟಮ್ಮಿನ ದುಬಾರಿ ಆವೃತ್ತಿಯೂ ಅದರ ಜೊತೆಗೇ ಮಣ್ಣಾಯಿತು. ಹೊಸದಕ್ಕೆ ವರ್ಗಾಯಿಸುವಂತಿಲ್ಲ ಎಂಬುದು ತಮ್ಮ ನಿಯಮ. ಹೊಸದನ್ನು ಕೊಳ್ಳಲು ಹೋದಾಗ ಮಾರುವಾತ, "ಮನೆ ಆವೃತ್ತಿನಾ, ವೃತ್ತಿಪರ ಆವೃತ್ತಿನಾ?" ಅಂದ. "ನಮ್ಮಣ್ಣ ಕೆಲಸ ಮಾಡೋದು ಮನೆಯಿಂದ್ಲೇ. ಮನೇದೇ ಕೊಡಿ" ಅಂದೆ. ಮನೆಯಿಂದ ಯಾರೂ ಒಳಗೆ ಬರದಂತೆ ತಡೆದಿರುವುದಕ್ಕೇ ನೀವು ಮನೆ ಆವೃತ್ತಿ ಎಂದು ಹೆಸರಿಟ್ಟಿದ್ದೀರಿ ಎಂದು ಚರ್ಮ ಹೊಲಿಯುವವಳಿಗೆ ಹೇಗೆ ಹೊಳೆಯಬೇಕು?

ಹೊಸ ಕಂಪ್ಯೂಟರಿಗೆ ಮನೆಯಿಂದ ಸಂಪರ್ಕ ಸಿಗಲೇ ಇಲ್ಲ, ಒಂಬತ್ತಕ್ಕೆ ಬಾಣ ಅಲುಗಾಡಲಿಲ್ಲ. ಕಂಪ್ಯೂಟರ್ ರಿಪೇರಿಯವನು ಬಂದು ನೋಡಿದ. "ಎಲ್ಲಾ ಒಳಗೇ ಇದೆ ಅಕ್ಕ. ಹೊಸದಾಗಿ ಏನೂ ಹಾಕೋದಿಲ್ಲ. ಕೀಲಿ ಸಂಖ್ಯೆ ಹೊಡೆದ್ರೆ ತೆರೆಯುತ್ತೆ, ಅಷ್ಟೆ." ಹಾಗಾದರೆ ನೀವು ಎರಡನೇ ಸಲ ಬೆಲೆ ಕಟ್ಟಿದ್ದು ಯಾವ ಶ್ರಮಕ್ಕೆ? ನಾನೂ ಒಂದು ಬೂಟು ಕೈಗೆ ಕೊಟ್ಟು, ಇನ್ನೊಂದನ್ನು ಪೆಟ್ಟಿಗೆಯೊಳಗೇ ಹೊಲಿದಿಟ್ಟು, ದಾರ ಬಿಚ್ಚಲು ಬೇರೆ ಬೆಲೆ ಕೇಳಲೇ? ಗಿರಾಕಿ ಕೈಲಿರುವ ಬೂಟಿನಲ್ಲೇ ಹೊಡೆದಾನು. ನಿಮ್ಮ ವಿಳಾಸವಾದರೂ ಯಾರಿಗೆ ಗೊತ್ತು! ಕೊನೆಗೆ ಕೀಲಿಯನ್ನೂ ಕೊಂಡೆ. ಯಂತ್ರ ಅದನ್ನು ಒಪ್ಪಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂದ ಹಾಗೆ, ನಿಮ್ಮ ಸಹಾಯವಾಣಿ "ಪರಿಶೀಲನೆಯಲ್ಲಿದೆ" ಎನ್ನುತ್ತಾ ದಿನ ತಳ್ಳಿತು.

ಅಷ್ಟು ದಿನವೂ ಹಳೆಯ ರಟ್ಟಿನ ನಮೂನೆಗಳನ್ನಿಟ್ಟು ನಾನೇ ಕತ್ತರಿಸಿದೆ. ಅಂಚೆ ಹಂಚುವ ಹೆಂಗಸಿನ ಬೂಟಿಗೆ ಅಟ್ಟೆ ಅರ್ಧ ಬೆರಳು ಕಡಿಮೆಯಾಯಿತು. "ಪರವಾಗಿಲ್ಲ ಬಿಡಿ" ಅಂದವಳು ಕುಂಟುತ್ತಲೇ ಹೋದಳು. ಅಣ್ಣನಿಗೆ ಇದನ್ನು ಹೇಳಲಿಲ್ಲ. ಅವನು ದಿನಾ ಕೇಳುತ್ತಿದ್ದ, ನಾನು ದಿನಾ "ಕೆಲಸ ನಡೀತಿದೆ ಅಣ್ಣ, ನೀನು ತಲೆ ಕೆಡಿಸ್ಕೋಬೇಡ" ಅನ್ನುತ್ತಿದ್ದೆ. ಸಮಾಧಾನಕ್ಕೆಂದು ಆಡಿದ ಮಾತು. ಇಪ್ಪತ್ತನೆಯ ದಿನ ಬೀಗ ತೆರೆಯಿತು. ಮನೆಗೆ ಓಡಿಹೋಗಿ ಹೇಳಿದೆ. ಅವನು ಗೋಡೆ ನೋಡುತ್ತಾ, "ನಾನಿಲ್ದೇನೇ ನಡೀತಲ್ಲ. ಇನ್ಯಾಕೆ ನಾನು, ಬಿಡು" ಅಂದ.

ಆಮೇಲೆ ಅಂಚೆಯವಳ ಸಂಗತಿ ಹೇಳಿದೆ. "ನನ್ನ ಸಮಾಧಾನಕ್ಕೆ ಅಂತ ಕಥೆ ಕಟ್ತೀಯ" ಅಂದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಬೀಗ ನಿಮ್ಮದು, ನಿಜ. ಆದರೆ ತಾನು ಬೇಡವಾದೆ ಎಂದು ಅವನನ್ನು ನಂಬಿಸಿದವಳು ನಾನು.

ಕಂಪ್ಯೂಟರಿನೊಳಗೆ ಇಟ್ಟು ಮಾರಿದ್ದನ್ನೆಲ್ಲ ಕೊಂಡವರಿಗೆ ತೆರೆದುಕೊಡಿ, ತುಂಡು ತುಂಡಾಗಿ ಮಾರುವುದನ್ನು ನಿಲ್ಲಿಸಿ. ಅದಕ್ಕೆ ಸಭೆ, ಸಮಿತಿಗಳೆಲ್ಲ ಆಗಬೇಕು, ಗೊತ್ತು. ಅಷ್ಟರೊಳಗೆ ಅಣ್ಣನಿಗೆ ಎರಡು ಸಾಲು ಬರೆಯಿರಿ: ಬಾಗಿಲು ಹಾಕಿದವರು ನಾವು, ನಿನ್ನ ತಂಗಿಯಲ್ಲ, ನೀನಿಲ್ಲದೆ ಒಬ್ಬಳು ಕುಂಟುತ್ತಾ ಹೋದದ್ದು ನಿಜ, ಎಂದು. ನಿಮ್ಮ ಮೊಹರು ಕಂಡರೆ ನಂಬಿಯಾನು. ಒಂಬತ್ತಕ್ಕೆ ನಾನು ಪರದೆಯ ಮುಂದೆಯೇ ಕೂತಿರುತ್ತೇನೆ.

ಇಂತಿ,
ಬಹಳ ಯೋಚಿಸಿ ಮನೆ ಆವೃತ್ತಿಯನ್ನೇ ಕೊಂಡ ತಂಗಿ