ಫೋಟೋದಲ್ಲಿ ಹೊರೆ ಹೊತ್ತವಳು

ಕನಕಗಿರಿ,
೧೬ ಜನವರಿ ೧೯೮೩

ಪ್ರೀತಿಯ ಮಗಳು ಹುಲಗೆಮ್ಮಳಿಗೆ, ನಿನ್ನ ಅವ್ವನ ಆಶೀರ್ವಾದ.

ಮೈಯಲ್ಲಿ ಹೇಗಿದ್ದೀಯವ್ವಾ? ಕಾಲಿನ ಬಾವು ಇಳಿಯಿತೇ? ಕೂಸು ಹೊಟ್ಟೆಯಲ್ಲಿ ಆಡುತ್ತದೆಯೇ? ಎಲ್ಲ ಛಲೋ ಇದೆ ಎಂಬ ನಿನ್ನ ಮಾತು ನನಗೆ ಬಾಯಿಪಾಠವಾಗಿದೆ, ಈ ಸಲ ಬೇರೆ ಏನಾದರೂ ಬರೆ. ಇಲ್ಲಿ ಕೆಂದಾಕಳು ಈದಿದೆ. ನಿನ್ನ ಅಪ್ಪನಿಗೆ ಕೆಮ್ಮು, ಆದರೂ ಬೀಡಿ ಬಿಟ್ಟಿಲ್ಲ.

ಮೊನ್ನೆ ಗಂಗಾವತಿಯ ಕೃಷಿ ಮೇಳಕ್ಕೆ ಹೋಗಿದ್ದೆವು. ಕೊಳ್ಳುವುದೇನೂ ಇರಲಿಲ್ಲ, ಊರ ಮಂದಿ ಹೊರಟರೆಂದು ನಾವೂ ಟ್ರೇಲರ್ ಹತ್ತಿದೆವು. ರಾಶಿ ಮಾಡುವ ಯಂತ್ರ, ಬೆಳೆಗೆ ಎಣ್ಣೆ ಹೊಡೆಯುವ ಪಂಪು, ಕಿವಿ ಹರಿಯುವಂತೆ ಮೈಕು. ನಿನ್ನ ಅಪ್ಪ ಹೊಸ ಟ್ರ್ಯಾಕ್ಟರಿನ ಸೀಟಿನಲ್ಲಿ ಕುಳಿತವರು ಇಳಿಯಲೊಲ್ಲರು. ನಾನು ನಗುತ್ತಾ ಮುಂದಿನ ಬೀಜದ ಅಂಗಡಿಗೆ ಹೋದರೆ ಅಲ್ಲಿ ಆಳೆತ್ತರದ ಬಣ್ಣದ ಫೋಟೋ, ಕೆಳಗೆ ‘ಮಾದರಿ ರೈತ’ ಎಂದು ದಪ್ಪ ಅಕ್ಷರ. ಭತ್ತದ ತೆನೆ ಹಿಡಿದು ನಿಂತವರು ನಿನ್ನ ಗಂಡ. ಸುಳ್ಳೇಕೆ, ನನಗೆ ಹಿಗ್ಗಾಯಿತು. ಪಕ್ಕದವಳಿಗೆ “ನಮ್ಮ ಅಳಿಯಂದಿರು ನೋಡ್ರಿ” ಎಂದೂ ಹೇಳಿಬಿಟ್ಟೆ.

ಆಮೇಲೆ ಅವರ ಹಿಂದೆ ಕಣ್ಣು ಹೋಯಿತು. ಭತ್ತದ ಹೊರೆ ಹೊತ್ತು ಕಣಕ್ಕೆ ಹೋಗುತ್ತಿರುವ ಹೆಂಗಸರು. ಕೊನೆಯವಳ ಅರ್ಧ ಮುಖವನ್ನು ಅಳಿಯಂದಿರ ತಲೆಯ ರುಮಾಲು ಮುಚ್ಚಿತ್ತು. ಹೊಟ್ಟೆಯನ್ನು ಮುಚ್ಚಿರಲಿಲ್ಲ. ಮೈಮೇಲೆ ನಿನ್ನ ಏಳನೇ ತಿಂಗಳ ಕುಬಸಕ್ಕೆಂದು ನಾನು ಒಯ್ದಿದ್ದ ಹಸಿರು ಇಳಕಲ್ ಸೀರೆ. ಹೊರೆ ಹೊತ್ತರೆ ಎಡಗೈ ಸೊಂಟಕ್ಕಿಡುವುದು ನಿನಗೆ ಚಿಕ್ಕಂದಿನ ಚಾಳಿ. ಅವತ್ತು ಚೊಚ್ಚಲ ಬಾಣಂತನಕ್ಕೆ ಕಳಿಸಿರೆಂದು ಕೈಮುಗಿದು ಕೇಳಿದಾಗ ನಿನ್ನ ಅತ್ತೆ ಅಂದದ್ದು ನೆನಪಿದೆಯೇ? “ನಮ್ಮನ್ಯಾಗ ಆಕಿ ಕಡ್ಡಿ ಎತ್ತಿಡಂಗಿಲ್ಲ. ನಿಮ್ಮಲ್ಲಿ ಬಂದ್ರ ಹೊಲಕ್ಕ ಹಚ್ಚತೀರಿ.” ಅಷ್ಟು ಅನ್ನಿಸಿಕೊಂಡು ನಾವು ಹೋಳಿಗೆ ಉಂಡು ಎದ್ದು ಬಂದೆವು.

ಅಷ್ಟರಲ್ಲಿ ಅಳಿಯಂದಿರೇ ಬಂದರು, ಕೊರಳಲ್ಲಿ ಹಾರ, ಸುತ್ತ ಹತ್ತಾರು ಮಂದಿ. “ಫೋಟೋ ನೋಡಿದ್ರ್ಯಾ ಅತ್ತಿ?” ಎಂದರು. ನೋಡಿದೆ ಎಂದೆ. ಆ ಕೊನೆಯಾಕಿ ಯಾರು ಎಂದು ಬೆರಳಿಟ್ಟು ಕೇಳಿದೆ. “ಆಳು ಮಂದಿ ಬಿಡ್ರಿ. ಸುಗ್ಗ್ಯಾಗ ಯಾರ್ಯಾರೋ ಇರ್ತಾರ.” ಅವರು ಸುಳ್ಳು ಹೇಳಿದರು ಎಂದುಕೊಳ್ಳಲು ಬಹಳ ಪ್ರಯತ್ನಪಟ್ಟೆ. ಸುಳ್ಳಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರಿಗೆ ನಿಜಕ್ಕೂ ನಿನ್ನ ಗುರುತು ಹತ್ತಿರಲಿಲ್ಲ.

ನಿನ್ನ ಅಪ್ಪ ನನ್ನ ಹಿಂದೆಯೇ ಬಂದು ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಊರು ಮುಟ್ಟುವವರೆಗೆ ಅವರು ಒಂದು ಬೀಡಿಯನ್ನೂ ಹಚ್ಚಲಿಲ್ಲ.

ನಿನಗೆ ಹೆಸರು ಕೊಟ್ಟ ಹುಲಗೆಮ್ಮ ತಾಯಿ ನಿನ್ನನ್ನೂ ಕೂಸನ್ನೂ ಕಾಯಲಿ. ಮಿಕ್ಕವರನ್ನು ಕೇಳಿದೆನೆಂದು ಹೇಳುವ ಮನಸ್ಸಿಲ್ಲ.

ನಿನ್ನ ಅವ್ವ,
ಶೇಖರಮ್ಮ

ತಾ.ಕ.: ಬಳೆಗಾರ್ತಿ ಇಮಾಮಬೀ ನಿಮ್ಮ ಶ್ರೀರಾಮನಗರಕ್ಕೆ ಹೊರಟು ನಿಂತಿದ್ದಾಳೆ, ಅವಳ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಲಕೋಟೆಯನ್ನು ಬೇಕೆಂತಲೇ ಅಂಟಿಸಿಲ್ಲ, ನಿನಗಿಂತ ಮೊದಲು ಯಾರು ಓದಿದರೂ ಓದಲಿ. ಬರುವ ಸೋಮವಾರ ಚಕ್ಕಡಿಗೆ ಹುಲ್ಲು ಹಾಸಿಕೊಂಡು ನಾವಿಬ್ಬರೂ ಬರುತ್ತೇವೆ. ಸೊಸೆಯನ್ನು ಕಳಿಸುವುದಿಲ್ಲ ಎಂದು ನಿನ್ನ ಅತ್ತೆ ಅಂದರೆ, ನಾವು ಕೇಳುತ್ತಿರುವುದು ಸೊಸೆಯನ್ನಲ್ಲ ಎನ್ನುತ್ತೇನೆ. ನೀನು ಆ ಮನೆಯ ಆಳೆಂದು ಅವರ ಮಗನೇ ಮಂದಿಯ ಮುಂದೆ ಹೇಳಿದ್ದಾರೆ. ಸುಗ್ಗಿ ಮುಗಿದಿದೆ, ಆಳು ಮನೆಗೆ ಹೋಗುತ್ತಾಳೆ.